ಬಿಳಿ ಬೀಜದ ಕೋಕೋ

ಕುಂಬಾರವಾಡದ ಮಿಂಗೇಲನ ಹಿತ್ತಲಲ್ಲಿ ಎರಡು ಕೋಕೋ ಗಿಡ ಇದ್ದವು. ಅವನ ಅಪ್ಪ ಬಸ್ತ್ಯಾಂವ ಎಲ್ಲಿಂದಲೋ ತಂದು ಹಚ್ಚಿದ್ದು. ಬಾವಿ ಕಡೆಯದಕ್ಕೆ ಕೆಂಪು ಕಾಯಿ. ಗೋಡೆ ಕಡೆಯದಕ್ಕೆ ಸಣ್ಣ ಹಸಿರು ಕಾಯಿ, ಒಳಗೆ ನೇರಳೆ ಬೀಜ, ಬಾಯಿಗಿಟ್ಟರೆ ಕಹಿ. ನಾನು ದಾಂಡೇಲಿ ಮಿಲ್ಲಿನ ಕೆಲಸ ಮುಗಿಸಿ ಅವರ ಬೇಲಿಯಾಚೆ ಮನೆ ಮಾಡಿದಾಗಿನಿಂದ ಎರಡನ್ನೂ ನೋಡಿದ್ದೇನೆ.

ಗಿಡಗಳ ಬಗ್ಗೆ ಓದುವ ಸಹನಾ ಎಂಬಾಕೆ ಒಮ್ಮೆ ಎಲೆ ಕೇಳಿಕೊಂಡು ಬಂದಳು. ಕೆಂಪು ಕಾಯಿ ಕೊಯ್ದು ಬೀಜ ಸೀಳಿದಳು. ಕೆಲವು ನೇರಳೆ, ಕೆಲವು ಕೊಬ್ಬರಿಯಂತೆ ಬಿಳಿ.

"ಬಿಳಿ ಬೀಜ ಅಪರೂಪ ರೀ. ಹಳೇ ತಳಿಯ ಗುರುತು."

"ಆಫ್ರಿಕಾದಿಂದ ಬಂದ ನಮ್ಮ ಹಿರೀಕರ ಜೋಡೀನs ಈ ತಳೀನೂ ಬಂದಿರಬೇಕಲ್ರಿ ಅಕ್ಕಾ?" ಅಂದ ಮಿಂಗೇಲ.

"ಇಲ್ಲರೀ. ಆಫ್ರಿಕಾಕ್ಕೂ ಇದು ಹೊರಗಿಂದ ಬಂದ ಬೀಗರs. ಹುಟ್ಟಿದ್ದು ಅಮೆಜಾನ್ ಕಾಡಿನಾಗ. ಅಲ್ಲಿ ಎಷ್ಟೋ ಥರಾ ಅದಾವು. ಹಡಗ ಹತ್ತಿ ಹೊರಗ ಬಂದದ್ದು ಭಾಳ ಕಡಿಮಿ."

"ನಮಗಿಂತ ದೂರದ್ದಾತು ಬಿಡು," ಎಂದು ಅವನ ತಾಯಿ ಸೋನುಬಾಯಿ ನಕ್ಕಳು.

"ಮುಂದಿನ ಕಾಯಿಯ ಬಿಳಿ ಬೀಜ ತಗದಿಡ್ರಿ. ಸಸಿ ಎಬ್ಬಿಸಿ ನಿಮ್ಮ ಅಪ್ಪನ ಹೆಸರಿಡೂಣು," ಎಂದು ಸಹನಾ ಹೋದಳು.

ಆ ಮಾತು ಮಿಂಗೇಲನ ತಲೆಯಲ್ಲಿ ಕೂತಿತು. ಗೋಡೆ ಕಡೆಯ ಗಿಡದ ಬೆರಕೆಯಿಂದಲೇ ಕೆಂಪು ಕಾಯಿಯಲ್ಲೂ ಕೆಲವು ಬೀಜ ನೇರಳೆಯಾಗುತ್ತವೆ ಎಂದು ಎಣಿಸಿ ಕೊಡಲಿ ತಂದ.

"ಅಪ್ಪ ಹಚ್ಚಿದ ಗಿಡ ಕಡದು ಅಪ್ಪನ ಹೆಸರು ಉಳಸ್ತೀಯೇನೋ?" ಅಂದಳು ಸೋನುಬಾಯಿ.

"ಎಲ್ಲಾ ಬೀಜ ಬಿಳೀವs ಬರಲಿ ಆಯಿ. ಬೆರಕಿ ಬ್ಯಾಡ."

"ನಿನ್ನ ಮುತ್ತಜ್ಜಿ ಮುಸಲ್ಮಾನರಾಕಿ. ನಾ ಹಿಂದೂಗಳ ಮನಿಯಾಕಿ. ನಿಮ್ಮಪ್ಪ ಇಗರ್ಜಿಗೆ ಹೋಗಾಂವ. ನಿನ್ನ ಎಲ್ಲಿಂದ ಕಡೀಲಿ?"

ಅವನೂ ನಕ್ಕ. ಆದರೂ ಕಡಿದ.

ಮುಂದೆ ಕೆಂಪು ಕಾಯಿಯ ಗಿಡ ಬುಡದಿಂದ ಟೊಂಗೆಯವರೆಗೆ ಹೂ ಬಿಟ್ಟಿತು. ಎಲ್ಲಾ ಉದುರಿದವು. ಗೊಬ್ಬರ ಹಾಕಿದ, ನೀರು ಬಿಟ್ಟ. ಮರುವರ್ಷವೂ ಒಂದೂ ಕಾಯಿ ನಿಲ್ಲಲಿಲ್ಲ.

ಸಹನಾ ಬಂದವಳು ಕಡಿದ ಗಿಡದ ಬೊಡ್ಡೆ ನೋಡಿ ಅದರ ಮುಂದೆಯೇ ಕೂತಳು.

"ಆ ಕೆಂಪು ಕಾಯಿ ಗಿಡ ತನ್ನ ಹೂವಿನ ಧೂಳಿಗೆ ಕಾಯಿ ಕಟ್ಟೂದಿಲ್ಲರೀ. ಬ್ಯಾರೇ ಥರದ ಗಿಡದ್ದು ಬೇಕು. ಸಣ್ಣ ಹುಳ ಈ ಗಿಡದಿಂದ ತರತಿದ್ದವು."

"ಬಿಳಿ ಬೀಜ?"

"ಅವೂ ಈ ಎರಡರ ಕೂಡಿಕೀಲೇ ಆಗಿದ್ದು."

"ಹಂಗಾರ ಅಪ್ಪನ ಹೆಸರು?"

ಸೋನುಬಾಯಿ ಬಂದು ಬೊಡ್ಡೆಯ ಸುತ್ತಲಿನ ತರಗೆಲೆ ಸರಿಸಿದಳು. ಬುಡದಲ್ಲಿ ಬೆರಳುದ್ದದ ಚಿಗುರು.

"ಪಾತ್ರಿ ತೊಳದ ನೀರು ಇಲ್ಲೇ ಚೆಲ್ಲತಿದ್ನಿ. ಇವಂಗ ಹೇಳಿದ್ರ ಮತ್ತ ಕೊಡಲಿ ತರತಿದ್ದ."

"ಇದು ಹೂ ಬಿಡಾಕ ಎರಡ್ಮೂರು ವರ್ಷ ಬೇಕ್ರಿ," ಅಂದಳು ಸಹನಾ.

ಮಿಂಗೇಲ ಹೋಗಿ ಮುಳ್ಳು ಕಡಿದು ತಂದು, ಆಡು ಬಾಯಿ ಹಾಕದಂತೆ ಸುತ್ತ ಬೇಲಿ ಕಟ್ಟಿದ.

ಚಿಗುರು ಈಗ ನನ್ನ ಮೊಣಕಾಲ ಮಟ್ಟ ಬಂದಿದೆ. ಬಾವಿ ಕಡೆಯ ಗಿಡ ಈ ಸಲವೂ ಹೂ ಬಿಟ್ಟು ಉದುರಿಸಿತು. ಮಿಂಗೇಲ ಅವನ್ನು ಗುಡಿಸಿ ಚಿಗುರಿನ ಬುಡಕ್ಕೆ ಹಾಕುತ್ತಾನೆ.