ಮೂರು ಸಿಳ್ಳೆ, ಒಂದು ಕೆಮ್ಮು

ಮತ್ತೆ ಅದೇ ಕೆಮ್ಮು, ಹೆಡ್‌ಫೋನಿನ ಎಡಗಿವಿಯಲ್ಲಿ, ಮೂರು ಸಿಳ್ಳೆ ಮುಗಿದ ಅರೆಕ್ಷಣಕ್ಕೆ, ಹಂಸಾ ರೆಕಾರ್ಡಿಂಗನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ಕೇಳಿದಳು, ಹಕ್ಕಿ ಕೆಮ್ಮುವುದಿಲ್ಲ, ಇದು ಗಂಡ ದತ್ತಾತ್ರೇಯನ ಒಣ ಕೆಮ್ಮು, ಅವನು ತೀರಿಹೋಗಿಯೇ ಆರು ವರ್ಷ — ದ್ವೀಪದ ಕಾಡಿನಲ್ಲಿ ಬೂದುಗಂಟಲ ಹಕ್ಕಿಯ ಕೂಗನ್ನು ಟೇಪಿಗೆ ಹಿಡಿದವನು ಅವನೇ, ಛೇ ಕೊನೇಲಿ ಕೆಮ್ಮಿ ಹಾಳು ಮಾಡಿಬಿಟ್ಟೆ ಕಣೇ ಅಂದಿದ್ದ, ಇರಲಿ ಬಿಡು ಹಕ್ಕಿ ಏನೂ ಅಂದ್ಕೊಳಲ್ಲ ಎಂದು ಅವಳು ನಕ್ಕಿದ್ದಳು, ಆ ಟೇಪನ್ನೇ ಹೋದ ತಿಂಗಳು ಅದೇ ಕಾಡಿನಲ್ಲಿ ಅವಳೂ ಸಹಾಯಕ ರಾಯ್ಸ್ಟನ್ನೂ ನುಡಿಸಿದ್ದು, ಎರಡು ಗುಡ್ಡ, ಎರಡು ಸ್ಪೀಕರು, ಏಳಕ್ಕೆ ನುಡಿಸಬೇಕು, ಏಳೂ ಹತ್ತಕ್ಕೆ ಇಬ್ಬರೂ ತೆಪ್ಪಗೆ ಕಿವಿಗೊಡಬೇಕು, ಹಕ್ಕಿಯಿದ್ದರೆ ಓಗೊಡುತ್ತದೆ, ಏಳೂ ಹತ್ತಕ್ಕೆ ಎದುರು ಗುಡ್ಡ ಓಗೊಟ್ಟಿತ್ತು, ಅದನ್ನೇ ರೆಕಾರ್ಡ್ ಮಾಡಿ ತಂದು ಈಗ ಕಿವಿಗಿಟ್ಟಿರುವುದು, ಅವಳು ಒದ್ದೆ ಎಲೆಗಳ ಮೇಲೆ ಕುಸಿದು ಕೂತು ಅತ್ತಿದ್ದಳು, ಒಂದು ಉಳಿದಿದೆ, ಒಂದಾದರೂ — ವಾಪಸು ದೋಣಿಯಲ್ಲಿ ರಾಯ್ಸ್ಟನ್, ನನ್ನ ವಾಚು ಹತ್ತು ನಿಮಿಷ ಸ್ಲೋ ಮಾರಾಯ್ರೆ ಮೇಡಮ್, ಅವಳೂ ನಕ್ಕಿದ್ದಳಲ್ಲ, ಅವಳ ಏಳೂ ಹತ್ತು ಅವನ ವಾಚಿನಲ್ಲಿ ಏಳು, ಆಸೆಗೆ ಕಿವಿ ಎಲ್ಲಿಯದು.

ವರದಿ ಐದಕ್ಕೆ ಹೋಗಬೇಕು, ಈಗ ನಾಲ್ಕೂ ಮುಕ್ಕಾಲು, ಬದುಕಿರುವ ಹಕ್ಕಿ: ಒಂದು, ಆ ಒಂದಿದ್ದರೆ ಕಾಡಿನ ನಡುವೆ ರಸ್ತೆ ಬರುವುದಿಲ್ಲ, ಯಾರಿಗೆ ಗೊತ್ತಾಗುತ್ತದೆ, ಕೆಮ್ಮನ್ನು ಕತ್ತರಿಸಿದರಾಯಿತು, ಎರಡು ಸೆಕೆಂಡಿನ ಕೆಲಸ — ಮಗಳು ಅಪೇಕ್ಷಾ ಮೊನ್ನೆ ಬಾಗಿಲಲ್ಲಿ ನಿಂತು, ಅಮ್ಮಾ, ಸ್ಟಾಪ್ ಪ್ಲೇಯಿಂಗ್ ದಟ್, ಇಟ್ಸ್ ಕ್ರೀಪಿ, ಹೌದು, ತಿಂಗಳಿಡೀ ಕಿಟಕಿ ತೆರೆದು ಸ್ಪೀಕರಿನಲ್ಲಿ ಹಾಕಿದ್ದೇ ಹಾಕಿದ್ದು, ಸ್ಪ್ರಿಂಗ್ ವ್ಯಾಲಿ ಬಡಾವಣೆಗೆಲ್ಲ ಕೇಳಿರಬೇಕು, ಮನೆಗೆಲಸದ ಸೆಲಿನ್ ಅವತ್ತು, ಮಮಾ, ಗೇಟಿಗೆ ಎಣ್ಣೆ ಬಿಟ್ಟೆ, ಆದ್ರೂ ಕಿರುಗುಟ್ಟುತ್ತೆ, ಗೇಟಲ್ಲ ಸೆಲಿನ್, ಬೇಲಿಯ ರಾಬಿನ್-ಚಾಟ್ ಹಕ್ಕಿ ಅದು, ಕೇಳಿದ್ದನ್ನೆಲ್ಲ ನಕಲು ಹೊಡೆಯುತ್ತೆ — ಕತ್ತರಿಸಬೇಕೆ, ಅವನ ಉಸಿರೊಂದು ಉಳಿದಿರುವುದೇ ಅಲ್ಲಿ, ಅವನು ಹಿಡಿದ ಹಕ್ಕಿ ಉಳಿಯಲೆಂದು ಅವನನ್ನೇ ಒರೆಸುವುದೇ, ದತ್ತಾ, ನೀನಿದ್ದಿದ್ದರೆ ಏನು ಬರೆಯುತ್ತಿದ್ದೆ, ಗೊತ್ತು, ಸುಳ್ಳು ಬರೆಯುವ ಕೈ ನಿನ್ನದಲ್ಲ, ಒಂದನ್ನು ಅಳಿಸಿದಳು, ಸೊನ್ನೆ ಒತ್ತಿದಳು, ಕಳಿಸಿದಳು, ಇನ್ನು ಲೋಕದಲ್ಲಿ ಆ ಕೂಗಿಲ್ಲ, ಹೆಡ್‌ಫೋನು ತೆಗೆದು ಕಂಪ್ಯೂಟರು ಮುಚ್ಚಿದಳು, ಮನೆಯೆಲ್ಲ ಗಪ್‌ಚುಪ್, ಬಿಸಿಲು ಇನ್ನೂ ಇದೆ, ಬೇಲಿಯ ಒಳಗಿನಿಂದ ಸಿಳ್ಳೆ, ಗೇಟಿನದಲ್ಲ, ಒಂದು, ಎರಡು, ಮೂರು, ಬೇಡ, ಅಷ್ಟಕ್ಕೇ ನಿಲ್ಲಿಸು, ಎದೆ ಅರೆಕ್ಷಣ ಎಣಿಸಿತು — ಬೇಲಿಯೊಳಗೆ ದತ್ತಾತ್ರೇಯ ಕೆಮ್ಮಿದ