ತುಕ್ಕಿಗೆ ವಾರದ ರಜೆ ಇಲ್ಲ

ಹೋದ ಶ್ರಾವಣದವರೆಗೆ ನಮ್ಮ ಮನೆಯಲ್ಲಿ ಕಾರು ದನದ ಕೊಟ್ಟಿಗೆಯಲ್ಲಿತ್ತು, ಎಮ್ಮೆ ಅಂಗಳದಲ್ಲಿ ತಾಡಪತ್ರಿಯ ಕೆಳಗಿತ್ತು. ತೇರಗಾಂವದಲ್ಲಿ ಇಂಥ ಏರ್ಪಾಟು ಇದ್ದ ಮನೆ ನಮ್ಮದೊಂದೇ. ನಾನು ಅಂಗನವಾಡಿ ಕಾರ್ಯಕರ್ತೆ. ಚಿತ್ರದ ಹಾಳೆ ಹಿಡಿದು ಎಮ್ಮೆ ಎಲ್ಲಿ ಇರುತ್ತದೆ ಎಂದು ಕೇಳಿದರೆ ಮಕ್ಕಳು, 'ಟೀಚರ್, ನಿಮ್ಮ ಮನ್ಯಾಗ ಹೊರಗ' ಎನ್ನುತ್ತಿದ್ದವು. ನಾಲ್ಕು ವರ್ಷದ ಕೂಸುಗಳಿಗೆ ತಿಳಿದದ್ದು ನನ್ನ ಗಂಡ ಉಳವಪ್ಪನಿಗೆ ತಿಳಿಯಲಿಲ್ಲ.

ಆ ಬಿಳಿ ಫಿಯಾಟ್ ಕಾರು ನಮ್ಮ ಮಾವ ಚನಬಸಪ್ಪನವರದು. ಟ್ರ್ಯಾಕ್ಟರ್ ಬಂದ ವರ್ಷ ಮನೆಯ ಕೊನೆಯ ಜೋಡಿ ಎತ್ತು ಮಾರಿದರು. ಖಾಲಿ ಕೊಟ್ಟಿಗೆ ನೋಡಲಾಗದೆ ಎರಡು ದಿನ ಊಟ ಬಿಟ್ಟರು. ಮೂರನೆಯ ದಿನ ದಾಂಡೇಲಿಗೆ ಹೋಗಿ, ವರ್ಗವಾಗಿ ಹೊರಟಿದ್ದ ಕಾಗದದ ಮಿಲ್ಲಿನ ಸಾಹೇಬರೊಬ್ಬರಿಂದ ಈ ಕಾರು ತಂದು ಕೊಟ್ಟಿಗೆಯಲ್ಲಿ ನಿಲ್ಲಿಸಿದರು. ಎತ್ತಿನ ಕೊರಳಿನ ಗೆಜ್ಜೆಸರವನ್ನು ಒಳಗಿನ ಕನ್ನಡಿಗೆ ಕಟ್ಟಿ, ಬಾನೆಟ್ಟಿಗೆ ವಿಭೂತಿ ಎಳೆದು, 'ಇನ್ನ ಮ್ಯಾಲೆ ಇದ ನಮ್ಮ ಬಸವಣ್ಣ' ಎಂದರು.

ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಒಕ್ಕಲುತನದ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ, ಅದು ಬಸವಣ್ಣನ ವಾರ. ಮಾವ ಆ ಬಿಡುವನ್ನು ಕಾರಿಗೂ ಕೊಟ್ಟರು. ಸೋಮವಾರ ಯಾರೂ ಅದರಲ್ಲಿ ಕೂರುವಂತಿಲ್ಲ, ಕೀಲಿ ತಿರುಗಿಸುವಂತಿಲ್ಲ. ನನಗೆ ಮಗಳ ಹೆರಿಗೆ ಬೇನೆ ಬಂದದ್ದು ಒಂದು ಸೋಮವಾರ ಮಧ್ಯಾಹ್ನ. ನನ್ನನ್ನು ಹಳಿಯಾಳದ ಆಸ್ಪತ್ರೆಗೆ ಕಬ್ಬಿನ ಟ್ರೇಲರಿನಲ್ಲಿ ಒಯ್ದರು. ಒಂದೊಂದು ತಗ್ಗಿಗೂ ನಾನು ಬಸವಣ್ಣನ ಹೆಸರು ಹೇಳಿದ್ದೇನೆ, ಭಕ್ತಿಯಿಂದಲ್ಲ.

ಮಾವ ತೀರಿಕೊಂಡ ಮೇಲೆ ಕಾರು ಕೊಟ್ಟಿಗೆಯಿಂದ ಹೊರಗೆ ಬರಲಿಲ್ಲ. ಮಳೆಗಾಲದ ತೇವಕ್ಕೆ ಮೊದಲು ಬಾಗಿಲಿನ ಅಂಚು ಕೆಂಪಾಯಿತು, ಆಮೇಲೆ ಚಕ್ರದ ಮೇಲಿನ ತಗಡು, ಆಮೇಲೆ ತಳ. ಉಳವಪ್ಪ ದಿನವೂ ವಿಭೂತಿ ಹಚ್ಚುತ್ತಿದ್ದರು, ತುಕ್ಕು ಅದನ್ನೂ ತಿಂದಿತು. ಕೆಲವು ಸಂಜೆ ಅವರು ಸ್ಟೇರಿಂಗ್ ಹಿಡಿದು ಸುಮ್ಮನೆ ಕೂತಿರುವುದನ್ನು ನಾನು ಹಿತ್ತಲ ಬಾಗಿಲಿನಿಂದ ನೋಡಿದ್ದೇನೆ. ಏನೂ ಕೇಳಿಲ್ಲ. ಅಪ್ಪನನ್ನು ಕಳೆದುಕೊಂಡವನ ಹತ್ತಿರ ಎಲ್ಲವನ್ನೂ ಕೇಳಬಾರದು.

ಆದರೆ ಮುಂಡಗೋಡದಿಂದ ನನ್ನ ತಮ್ಮ ಗಬ್ಬದ ಎಮ್ಮೆಯನ್ನು ತಂದು ಕಟ್ಟಿದ ಮೇಲೆ ನನ್ನ ಸಹನೆ ಮುಗಿಯಿತು.

"ಶ್ರಾವಣ ಮುಗಿಯೂದ್ರಾಗ ಎಮ್ಮಿ ಈಯ್ತೈತಿ. ಅಷ್ಟರಾಗ ಕೊಟ್ಟಿಗಿ ಖಾಲಿ ಆಗಬೇಕು," ಎಂದೆ. "ಕಾರಿನ ತುಕ್ಕು ತಗಸಿ ಬಣ್ಣ ಹಚ್ಚಸ್ರಿ, ಹಿತ್ತಲದಾಗ ಅದಕ್ಕೊಂದು ತಗಡಿನ ಚಪ್ಪರ ಹಾಕೂಣು. ಆಗಲಿಲ್ಲ ಅಂದ್ರ ಕಡೀ ಸೋಮವಾರ ಗುಜರಿ ಜ್ಯೋತಿಬಾನ ಟೆಂಪೋ ಬರ್ತೈತಿ."

ಉಳವಪ್ಪನ ಕೈಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು. "ಅಪ್ಪನ ಕಾರ ಗುಜರಿಗೆ ಹಾಕ್ತೀಯೇನ?" ಎಂದರು. ನಾನು ಪಲ್ಯ ಬಡಿಸಿದೆ.

ಮರುದಿನವೇ ಬಸ್ತ್ಯಾಂವ ಬಂದ. ತಗಡು ಬಡಿದು ನೇರ ಮಾಡುವ ಟಿಂಕರ್. ಸಿದ್ದಿಯರ ಹುಡುಗ, ಹಳಿಯಾಳದ ಹತ್ತಿರದ ಊರಿನವನಾದರೂ ಬಹಳ ವರ್ಷ ಮಡಗಾಂವದ ಗ್ಯಾರೇಜಿನಲ್ಲಿದ್ದು ಬಂದವನು. ಅವನ ಮಾತೆಲ್ಲ ಗೋವಾದಿಂದಲೇ ಶುರುವಾಗುತ್ತಿತ್ತು.

"ಗೋವಾದಾಗ ಸಮುದ್ರದಾಗ ಮುಳುಗಿದ ಕಾರು ಎದ್ದ ಬರೂಹಂಗ ಮಾಡೇನ್ರಿ ಅಕ್ಕಾರ. ಇದೇನ," ಎನ್ನುತ್ತ ಸ್ಕ್ರೂಡ್ರೈವರಿನಿಂದ ಬಾಗಿಲಿನ ಬುಡಕ್ಕೆ ಚುಚ್ಚಿದ. ಸ್ಕ್ರೂಡ್ರೈವರ್ ಹಿಡಿಯವರೆಗೆ ಒಳಗೆ ಹೋಯಿತು. ಬಸ್ತ್ಯಾಂವ ಸ್ವಲ್ಪ ಹೊತ್ತು ಗೋವಾದ ಹೆಸರು ಎತ್ತಲಿಲ್ಲ.

ಕೊಳೆತ ತಗಡು ಕತ್ತರಿಸಿ, ಹೊಸ ತುಂಡು ಬೆಸೆದು, ಅವನು ಆ ಕೆಲಸವನ್ನೇನೋ ಚೆನ್ನಾಗಿಯೇ ಮುಗಿಸಿದ. ಇನ್ನು ಉಳಿದದ್ದು ಮೈತುಂಬ ಇದ್ದ ಹಳೆಯ ಬಣ್ಣ, ತುಕ್ಕು ಕೆರೆದು ತೆಗೆದು, ಮತ್ತೆ ತುಕ್ಕು ಹಿಡಿಯದ ಹಾಗೆ ಕೆಂಪು ಪ್ರೈಮರ್ ಬಣ್ಣ ಹಚ್ಚುವುದು. ಬಣ್ಣಕ್ಕೆಂದು ಹಳಿಯಾಳದಿಂದ ಮೌಲಾಲಿ ಕಾಕಾ ಬಂದರು. ಸುತ್ತಲಿನ ಲಾರಿಗಳಿಗೆಲ್ಲ ಬಣ್ಣ ಹಚ್ಚಿದ ಹಿರಿಯರು, ಹಟದಲ್ಲಿಯೂ ಹಿರಿಯರು. ಕಬ್ಬು ನುರಿಸುವ ಹಂಗಾಮು ಹತ್ತಿರವಿದ್ದುದರಿಂದ ಇಬ್ಬರಿಗೂ ಮಂಗಳವಾರದಿಂದ ಗುರುವಾರದವರೆಗೆ ಟ್ರೇಲರ್‌ಗಳ ಕೆಲಸ. ನಮಗೆ ಕೊಟ್ಟದ್ದು ಶುಕ್ರವಾರ, ಶನಿವಾರ, ರವಿವಾರ, ಸೋಮವಾರ. ನಾಲ್ಕು ದಿನ ಸಾಕಲ್ಲ ಎಂದುಕೊಂಡೆ.

ಶುಕ್ರವಾರ ಬಸ್ತ್ಯಾಂವ ತಂತಿ ಬ್ರಶ್ ಹಿಡಿದು ಅರ್ಧ ಕಾರು ಉಜ್ಜಿದ. ತಗಡು ಹೊಸ ತಂಬಿಗೆಯಂತೆ ಬೆಳ್ಳಗಾಯಿತು. ಆದರೆ ಮೌಲಾಲಿ ಕಾಕಾ ಜುಮ್ಮಾ ದಿನ ಬ್ರಶ್ ಮುಟ್ಟುವುದಿಲ್ಲ. ಹೊರಗೆ ಜಿಟಿಜಿಟಿ ಮಳೆ. ಶನಿವಾರ ಬೆಳಿಗ್ಗೆ ನೋಡಿದರೆ ಬೆಳ್ಳಗಿದ್ದ ತಗಡಿನ ಮೇಲೆ ಅರಿಸಿನ ಚೆಲ್ಲಿದ ಹಾಗೆ ಹೊಸ ತುಕ್ಕು. ಅದನ್ನು ಮತ್ತೆ ಉಜ್ಜಿ, ಉಳಿದರ್ಧವನ್ನೂ ಉಜ್ಜುವಷ್ಟರಲ್ಲಿ ಶನಿವಾರ ಕತ್ತಲಾಯಿತು. ಕತ್ತಲಲ್ಲಿ ಕಾಕಾ ಬಣ್ಣ ಹಚ್ಚುವುದಿಲ್ಲ.

ರವಿವಾರ ಕಾಕಾ ಸರಿಯಾದ ಹೊತ್ತಿಗೆ ಬಂದರು. ಕಾರಿನ ಮೇಲೆ ಬೆರಳಾಡಿಸಿ, ಹಳದಿಯಾದ ಬೆರಳನ್ನು ನನಗೆ ತೋರಿಸಿದರು.

"ಇದನ್ನ ಉಜ್ಜಬೇಕವಾ ತಂಗಿ."

"ಉಜ್ರಿ ಕಾಕಾ."

"ಉಜ್ಜೂದು ಟಿಂಕರನ ಕೆಲಸ. ನಾ ಅವನ ಕೆಲಸಕ್ಕ ಕೈ ಹಾಕಿದ್ರ ನಾಳೆ ಅಂವ ನನ್ನ ಬ್ರಶ್‌ಗೆ ಕೈ ಹಾಕ್ತಾನ."

ಟಿಂಕರ್ ರವಿವಾರದ ಪ್ರಾರ್ಥನೆಗೆ ಇಗರ್ಜಿಗೆ ಹೋಗಿದ್ದ. ರವಿವಾರ ಸುತ್ತಿಗೆ ಹಿಡಿದರೆ ಅವನ ಅವ್ವ ಸೋನುಬಾಯಿ ಮನೆಯೊಳಗೆ ಸೇರಿಸುವುದಿಲ್ಲವಂತೆ.

ಸೋಮವಾರ ಇಬ್ಬರೂ ಕೂಡಿ ಬಂದರು. ಆಗ ಕೊಟ್ಟಿಗೆಯ ಬಾಗಿಲಲ್ಲಿ ನನ್ನ ಗಂಡ ಹಣೆತುಂಬ ವಿಭೂತಿ ಹಚ್ಚಿಕೊಂಡು ಅಡ್ಡ ನಿಂತಿದ್ದರು.

"ಇವತ್ತ ಸೋಮವಾರ. ಅದರಾಗ ಶ್ರಾವಣ ಸೋಮವಾರ. ಬಸವಣ್ಣಗ ಬಿಡುವು. ನಾಳೆ ಬರ್ರಿ."

"ನಾಳೆ ಟ್ರೇಲರ್ ಕೆಲಸ ಐತ್ರಿ ಅಣ್ಣಾರ," ಎಂದ ಬಸ್ತ್ಯಾಂವ.

"ಹಂಗಾರ ಶುಕ್ರವಾರ ಬರ್ರಿ."

ಹೀಗೆ ಮೂರು ವಾರ ನಡೆಯಿತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ ಶುಕ್ರವಾರ ಉಜ್ಜುವುದು, ಸೋಮವಾರ ಮತ್ತೆ ಕೆಂಪಾಗುವುದು. ಒಂದೊಂದೇ ಬಾಗಿಲು ಮುಗಿಸಿ ಬಣ್ಣ ಹಚ್ಚಿ ಎಂದು ನಾನು ಹೇಳಿದರೆ ಕಾಕಾ, "ತುಂಡು ತುಂಡು ಮಾಡಾಕ ಇದೇನ ಕೌದಿ ಏನವಾ? ಬಣ್ಣ ಒಂದ ಕೈಲೆ ಬೀಳಬೇಕು," ಎಂದರು. ಕೌದಿ ಹೊಲಿಯುವುದರಲ್ಲಿ ಹೆಸರಾದ ಸೋನುಬಾಯಿಯ ಮಗ ಬಸ್ತ್ಯಾಂವ ಅದಕ್ಕೆ ಸಿಟ್ಟಾಗಿ ಅರ್ಧ ದಿನ ಕಾಕಾನ ಹತ್ತಿರ ಮಾತು ಬಿಟ್ಟ. ಎಣ್ಣೆಯನ್ನಾದರೂ ಸವರಿ ಇಡೋಣ ಎಂದೆ. ಎಣ್ಣೆಯ ಮೇಲೆ ಬಣ್ಣ ನಿಲ್ಲುವುದಿಲ್ಲ ಎಂದು ಆಗ ಮಾತ್ರ ಇಬ್ಬರೂ ಒಂದಾಗಿ ಹೇಳಿದರು. ಹೆಚ್ಚು ಉಜ್ಜಿದಷ್ಟೂ ತಗಡು ತೆಳ್ಳಗಾಗುತ್ತಿತ್ತು. ಮೂವರ ವಾರದ ನಡುವೆ ಕಾರು ಬಡವಾಯಿತು.

ನನ್ನ ತಲೆಯೊಳಗೆ ಬೇರೆಯೇ ಲೆಕ್ಕ ಹೊಕ್ಕಿತ್ತು. ಮೌಲಾಲಿ ಕಾಕಾನಿಗೆ ಶುಕ್ರವಾರ, ಬಸ್ತ್ಯಾಂವನಿಗೆ ರವಿವಾರ, ಕಾರಿಗೆ ಸೋಮವಾರ. ಈ ಗಂಡಸರಿಗೆಲ್ಲ ಆ ನಾಲ್ಕೂ ದಿನ ಚಹಾ ಕಾಯಿಸಿ, ರೊಟ್ಟಿ ಬಡಿದು, ಅಂಗನವಾಡಿಗೆ ಓಡಿ, ಎಮ್ಮೆಯ ಸಗಣಿ ಬಳಿದವಳಿಗೆ ಯಾವ ವಾರ? ತುಕ್ಕಿಗೂ ನನಗೂ ಮಾತ್ರ ರಜೆ ಇರಲಿಲ್ಲ.

ಕೊನೆಯ ವಾರವೂ ಹಾಗೆಯೇ ಕಳೆಯಿತು. ರವಿವಾರ ಸಂಜೆ ನಾನು ಜ್ಯೋತಿಬಾನಿಗೆ ಫೋನು ಮಾಡಿದೆ. ಉಳವಪ್ಪ ಕೊಟ್ಟಿಗೆಗೆ ಹೋಗಿ ಕನ್ನಡಿಗೆ ಕಟ್ಟಿದ್ದ ಗೆಜ್ಜೆಸರ ಬಿಚ್ಚಿ ತಂದು ದೇವರ ಮನೆಯ ಗೂಟಕ್ಕೆ ಹಾಕಿದರು. ಎತ್ತು ಮಾರಿದ ದಿನ ಮಾವ ಮಾಡಿದ್ದೂ ಇದೇ. ಆದರೂ ಆಡಿದ ಮಾತು, ಹೊರಗೆ ನೆನೆಯುವ ಎಮ್ಮೆ. ಫೋನನ್ನು ಮತ್ತೆ ಮುಟ್ಟಲಿಲ್ಲ.

ಸೋಮವಾರ ಬೆಳಿಗ್ಗೆ ಜ್ಯೋತಿಬಾ ಟೆಂಪೋ ತಂದ. ಬಸ್ತ್ಯಾಂವ ತನ್ನ ಸಾಮಾನು ಒಯ್ಯಲು ಬಂದಿದ್ದ, ಮೌಲಾಲಿ ಕಾಕಾ ತಮ್ಮ ಬಣ್ಣದ ಡಬ್ಬಿಗಳಿಗೆ. ಉಳವಪ್ಪ ಕೊಟ್ಟಿಗೆಯ ಬಾಗಿಲ ಕಂಬಕ್ಕೆ ಒರಗಿ ನೆಲ ನೋಡುತ್ತಿದ್ದರು. ಜ್ಯೋತಿಬಾ ಕಾರನ್ನು ಒಂದು ಸುತ್ತು ಹಾಕಿ, ಚಪ್ಪಲಿ ಕಾಲಿನಿಂದ ಬಾನೆಟ್ಟಿಗೆ ಒದ್ದು ಸದ್ದು ಕೇಳಿದ. ವಿಭೂತಿ ಎಳೆಯುವ ಜಾಗಕ್ಕೇ ಒದ್ದ.

"ತಗಡ ಇನ್ನಾ ಗಟ್ಟಿ ಐತ್ರಿ," ಎಂದು ಮೆಚ್ಚಿಕೊಂಡ.

ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಗುಜರಿಯವರು ಹಾಗೆಯೇ ನೋಡುತ್ತಾರೆ. ಆದರೆ ನನ್ನ ಮೈಯೆಲ್ಲ ಉರಿಯಿತು. ಟ್ರೇಲರಿನಲ್ಲಿ ಹೆರಿಗೆಗೆ ಹೋದವಳು ನಾನು. ಆ ಕಾರಿಗೆ ಒದೆಯುವ ಹಕ್ಕು ಯಾರಿಗಾದರೂ ಇದ್ದರೆ ಅದು ನನಗೆ, ಮತ್ತು ನಾನು ಇಷ್ಟು ವರ್ಷ ಒದ್ದಿರಲಿಲ್ಲ.

"ಕಾಲ ತಗಿ," ಎಂದೆ.

"ಏನ್ರಿ ಬಾಯಾರ?"

"ನಮ್ಮ ಬಸವಣ್ಣಗ ಕಾಲ ಹಚ್ಚಬ್ಯಾಡ. ಟೆಂಪೋ ತಿರುಗಿಸ್ಕೊಂಡ ಹೋಗು."

ಜ್ಯೋತಿಬಾ ಉಳವಪ್ಪನ ಮುಖ ನೋಡಿದ. ಉಳವಪ್ಪ ನನ್ನ ಮುಖ ನೋಡಿದರು. ಟೆಂಪೋ ಹೋಯಿತು. ಅದರ ಸದ್ದು ನಿಂತ ಮೇಲೆ ಎಮ್ಮೆ ಅಂಗಳದಿಂದ ಒಮ್ಮೆ ಕೂಗಿತು, ಇನ್ನು ನನ್ನ ಗತಿ ಏನು ಎಂಬ ಹಾಗೆ. ಅದರ ಕೆಚ್ಚಲು ಬಿಗಿದಿತ್ತು, ಇಂದೋ ನಾಳೆಯೋ ಎನ್ನುವ ಹಾಗಿತ್ತು.

"ಬಸ್ತ್ಯಾಂವ, ಬ್ರಶ್ ತಗೋ. ಕಾಕಾ, ಡಬ್ಬಿ ತೆಗೀರಿ. ಇವತ್ತ ಮುಗೀಬೇಕು."

"ಸುವರ್ಣಾ, ಇವತ್ತ ಸೋಮವಾರ," ಎಂದರು ಉಳವಪ್ಪ. ದನಿ ಸಣ್ಣದಾಗಿತ್ತು, ಆದರೂ ಎಂದರು.

"ನಾ ಒಂದ ಮಾತ ಕೇಳ್ತೇನಿ. ಸೋಮವಾರ ಎತ್ತಿಗೆ ಏನ ಮಾಡಬಾರದು?"

"ಹೂಡಬಾರದು."

"ಮೈ ತೊಳೀಬಹುದಲ್ಲ?"

"ಸೋಮವಾರನ ತೊಳಿಯೂದು. ತಿಕ್ಕಿ ತಿಕ್ಕಿ ತೊಳೀತಿದ್ರು ಅಪ್ಪ."

"ಕಾರಹುಣ್ಣಿಮಿ ಸೋಮವಾರ ಬಂದ್ರ ಎತ್ತಿನ ಕೊಂಬು ಕೆರದು ಕೆಂಪು ಹುರಮಂಜು ಬಳೀತಿದ್ರೋ, ಇಲ್ಲಾ ಮಂಗಳವಾರ ಬಾ ಅಂತಿದ್ರೋ?"

ಉಳವಪ್ಪ ಕಾರಿನ ಕಡೆ ತಿರುಗಿ ನೋಡಿದರು.

"ಇಲ್ಲೆ ಯಾರ ಹೂಡಾಕತ್ತಾರ ಅದನ್ನ? ಅದು ನಿಂತಲ್ಲೇ ನಿಂತೈತಿ. ದುಡಿಯೂದು ಈ ಇಬ್ಬರು. ಬಸ್ತ್ಯಾಂವ ಮೈ ತಿಕ್ತಾನ, ಕಾಕಾ ಹುರಮಂಜು ಹಚ್ತಾರ. ಬಸವಣ್ಣಗ ಇದು ಸೇವಾ, ಕೆಲಸಲ್ಲ."

ಪ್ರೈಮರಿನ ಡಬ್ಬಿಯ ಮುಚ್ಚಳ ತೆಗೆದು ಒಳಗೆ ನೋಡಿದ ಮೌಲಾಲಿ ಕಾಕಾ, "ಬಣ್ಣ ಹುರಮಂಜಿಂದ ಐತಿ ಬಿಡ್ರಿ," ಎಂದರು. ಬಸ್ತ್ಯಾಂವ ಆಗಲೇ ಅಂಗಿ ಬಿಚ್ಚಿ ಗೂಟಕ್ಕೆ ಹಾಕಿದ್ದ.

"ಅಪ್ಪ ಹಾಕಿದ ನೇಮ," ಎಂದರು ಉಳವಪ್ಪ, "ಅದು ಮುರಿದಂಗ ಆಗೂದಿಲ್ಲಲ್ಲ?"

"ನೇಮ ಮುರಿಯೂದು ಬ್ಯಾಡ. ಈ ಮನ್ಯಾಗ ಸೋಮವಾರದ ಬಿಡುವು ಒಂದ ಐತಿ, ಅದು ಇರಲಿ. ಆದ್ರ ಇಷ್ಟ ವರ್ಷ ಅದನ್ನ ಈ ಕಾರಿನ ಡಬ್ಬಿಗೆ ಕೊಟ್ರಿ. ಇನ್ನ ನನಗ ಕೊಡ್ರಿ."

ಅವರು ನನ್ನನ್ನು ಹೊಸದಾಗಿ ನೋಡುವವರ ಹಾಗೆ ನೋಡಿದರು. ಆಮೇಲೆ ಬಾಗಿಲಿನಿಂದ ಸರಿದು ನಿಂತರು.

ಆವತ್ತು ಬಸ್ತ್ಯಾಂವ ಉಜ್ಜಿದ್ದನ್ನು ಗೋವಾದವರು ನೋಡಬೇಕಿತ್ತು. ಉಳವಪ್ಪನೂ ಪಂಚೆ ಎತ್ತಿ ಕಟ್ಟಿ ಇನ್ನೊಂದು ಬದಿಯಿಂದ ಉಜ್ಜಿದರು. ಮಾತು ತಪ್ಪಿ ಕಾಕಾನೂ ಒಂದು ಮಡ್‌ಗಾರ್ಡ್ ಉಜ್ಜಿದರು, ಯಾರೂ ನೋಡಲಿಲ್ಲ ಎಂದು ಅವರ ನಂಬಿಕೆ. ನಡು ಮಧ್ಯಾಹ್ನಕ್ಕೆ ಇಡೀ ಕಾರು ಬೆಳ್ಳಗೆ ಹೊಳೆಯುತ್ತ ನಿಂತಿತು. ಥಿನ್ನರಿನಿಂದ ಒರೆಸಿಯೂ ಆಯಿತು. ಉಳವಪ್ಪ ಬಾನೆಟ್ಟಿನ ಮೇಲೆ ಬಗ್ಗಿ ನೋಡುತ್ತ ನಿಂತರು. ಭುಜ ಅಲುಗುತ್ತಿತ್ತು.

"ಅಪ್ಪ ನೋಡಬೇಕಿತ್ತು," ಎಂದರು.

"ಅಣ್ಣಾರ, ಆ ಕಡೆ ಹೋಗಿ ಅಳ್ರಿ," ಎಂದ ಬಸ್ತ್ಯಾಂವ ಮೆಲ್ಲಗೆ. "ಕಣ್ಣೀರಾಗ ಉಪ್ಪ ಇರ್ತೈತಿ. ಬಿದ್ದಲ್ಲೆ ಮತ್ತ ತುಕ್ಕ ಹಿಡೀತೈತಿ."

ನಾನು ಸೆರಗಿನಿಂದ ಮೊದಲು ಬಾನೆಟ್ ಒರೆಸಿದೆ, ಆಮೇಲೆ ಅವರ ಮುಖ. ಕಾಕಾ ಬ್ರಶ್ಶನ್ನು ಬಣ್ಣದಲ್ಲಿ ಅದ್ದಿ ನನ್ನ ಕೈಗೆ ಕೊಟ್ಟರು. ವಿಭೂತಿ ಎಳೆಯುವ ಜಾಗದಲ್ಲಿ ಮೊದಲ ಗೆರೆ ನಾನು ಎಳೆದೆ. ಸೊಟ್ಟಗಾಯಿತು. ಅದರ ಮೇಲೆ ಕಾಕಾ ಒಂದೇ ಕೈಯಲ್ಲಿ ಬಣ್ಣ ಮುಗಿಸಿದರು, ಕತ್ತಲಾಗುವ ಮೊದಲೇ.

ಮಂಗಳವಾರ ಓಣಿಯ ಗಂಡಸರೆಲ್ಲ ಸೇರಿ ಕಾರನ್ನು ಹಿತ್ತಲಲ್ಲಿ ಹಾಕಿಸಿದ್ದ ತಗಡಿನ ಚಪ್ಪರಕ್ಕೆ ತಳ್ಳಿದರು. ಒಳಗೆ ಗೆಜ್ಜೆಸರ ಸದ್ದು ಮಾಡಿತು, ಬೆಳಿಗ್ಗೆಯೇ ಉಳವಪ್ಪ ತಂದು ಕಟ್ಟಿದ್ದರು. ಎಂಜಿನ್ ತೆರೆದು ನೋಡುವ ಧೈರ್ಯ ಇನ್ನೂ ಯಾರಿಗೂ ಬಂದಿಲ್ಲ, ಆ ಮಾತು ಇಲ್ಲಿ ಬೇಡ. ಎಮ್ಮೆ ಕೊಟ್ಟಿಗೆ ಹೊಕ್ಕು, ಮರುದಿನ ಅಲ್ಲಿಯೇ ಈಯಿತು. ಹೆಣ್ಣು ಕರು.

ಮುಂದಿನ ಸೋಮವಾರ ಬೆಳಿಗ್ಗೆ ರೂಢಿಯಂತೆ ಎದ್ದು ಒಲೆಯ ಹತ್ತಿರ ಹೋದೆ. ಉಳವಪ್ಪ ಅಲ್ಲಿ ಅಡ್ಡ ನಿಂತಿದ್ದರು, ಹಣೆತುಂಬ ವಿಭೂತಿ, ಕೊಟ್ಟಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದ ಹಾಗೆಯೇ.

"ಇವತ್ತ ಸೋಮವಾರ," ಎಂದರು. "ಹೋಗಿ ಕೂಡು."

ಪಡಸಾಲೆಯಲ್ಲಿ ಹೋಗಿ ಕೂತೆ. ಒಳಗೆ ಏನೇನೋ ಬಿದ್ದ ಸದ್ದು. ಬಹಳ ಹೊತ್ತಿನ ಮೇಲೆ ಚಹಾ ಬಂತು. ಸ್ವಲ್ಪ ಹೊಗೆಯ ವಾಸನೆ, ಸ್ವಲ್ಪ ಥಿನ್ನರಿನ ವಾಸನೆ, ಕಪ್ಪಿನ ಅಂಚಿಗೆ ಒಂದು ಕೆಂಪು ಹೆಬ್ಬೆರಳಿನ ಗುರುತು, ರವಿವಾರ ಚಕ್ರಗಳಿಗೆ ಉಳಿದ ಪ್ರೈಮರ್ ಹಚ್ಚಿದ ಕೈ ಅದು. ಮದುವೆಯಾದ ಮೇಲೆ ಬೇರೆಯವರು ಕಾಯಿಸಿದ ಚಹಾವನ್ನು ನನ್ನ ಮನೆಯಲ್ಲಿ ಕೂತು ಕುಡಿದದ್ದು ಅದೇ ಮೊದಲು. ಕಣ್ಣು ತುಂಬಿ ಬಂತು, ಸುತ್ತಮುತ್ತ ತುಕ್ಕು ಹಿಡಿಯುವಂಥದ್ದೇನೂ ಇರಲಿಲ್ಲವಾದ್ದರಿಂದ ತಡೆಯಲಿಲ್ಲ. ಕುಡಿದು ಮುಗಿಸಿ ಕಪ್ಪನ್ನು ಅಲ್ಲಿಯೇ ಕಟ್ಟೆಯ ಮೇಲೆ ಬಿಟ್ಟೆ. ಆವತ್ತು ತೊಳೆಯುವುದು ನನ್ನ ಕೆಲಸವಾಗಿರಲಿಲ್ಲ.