ಭೇರ್ಯದ ಅವರೆಯ ಸೊಗಡು

ಅವರೆಕಾಯಿ ವಿಚಾರಕ್ಕೆ ಬಂದರೆ ಕೆಂಪಾಜಮ್ಮನ ಬಾಯಿಗೆ ಬೀಗವಿರಲಿಲ್ಲ. ಭೇರ್ಯದ ತವರಿನಿಂದ ಮಡಿಲಲ್ಲಿ ಕಟ್ಟಿಕೊಂಡು ತಂದ ಬೀಜ ಅದು. ಪಿರಿಯಾಪಟ್ಟಣದ ಕಡೆಯ ಈ ಊರಿಗೆ ಸೊಸೆಯಾಗಿ ಬಂದಾಗಿನಿಂದ ಬೂದಿ ಬೆರೆಸಿ ಕಾಪಾಡಿಕೊಂಡು ಬಂದಿದ್ದಳು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನಿ, ಏನಾದರೂ ಅನ್ನಿ, ಅಂಥ ಸೊಗಡು ಇನ್ಯಾವ ಸೀಮೆಯ ಕಾಯಿಗೂ ಇಲ್ಲವೆಂಬುದು ಅವಳ ವಾದ.

"ಬೆಳಗಾನೆ ಒಲಕ್ಕಿಳುದ್ರೆ ಮಂಜಿಗೆ ಸೀರೆ ಮೊಣಕಾಲ್ಗಂಟ ನೆನೀತಿತ್ತು ಕಣವ್ವ. ಮಂಜು ಕುಡುದ್ರೇನೇ ಕಾಯ್ಗೆ ಸೊಗಡು. ಕೈಗಂಟಿದ ಸೊಗಡು ಸೋಪಾಕಿ ತೊಳುದ್ರೂ ಓಗ್ತಿರ್ನಿಲ್ಲ. ಬಸ್ಸತ್ತಿದ್ರೆ ಕಂಡಕ್ಟ್ರು, 'ಅವ್ರೆಕಾಯಿ ತಂದಿರೋರು ಯಾರಮ್ಮ' ಅಂತ ಕೇಳೋನು," ಎಂದು ಮೊಮ್ಮಗಳು ಅನುಶ್ರೀಗೆ ಹೇಳುವಳು.

ಅನುಶ್ರೀ ಹುಣಸೂರಿನಲ್ಲಿ ಬಿಎಸ್ಸಿ ಓದುವ ಹುಡುಗಿ. ಅವಳಿಗೆ ಬುದ್ಧಿ ಬರುವ ಹೊತ್ತಿಗೆ ಹೊಲಕ್ಕೆಲ್ಲ ಹೊಗೆಸೊಪ್ಪು ಬಂದು, ಅವರೆಕಾಯಿ ಸಂತೆಯಿಂದ ಬರತೊಡಗಿತ್ತು. ಬೀಜಕ್ಕೆಂದು ಬಿಟ್ಟ ನಾಲ್ಕು ಗಿಡದ ಕಾಯನ್ನು ಹಸಿಯಾಗಿ ಯಾರೂ ಮುಟ್ಟುವಂತಿರಲಿಲ್ಲ. ಕಣ್ಣು ಮುಚ್ಚುವ ಮೊದಲು ಈ ಹುಡುಗಿಗೆ ತನ್ನ ತವರಿನ ಸೊಗಡನ್ನು ಒಮ್ಮೆ ಮೂಸಿಸಬೇಕು. ಮುದುಕಿಗೆ ಇದ್ದ ಆಸೆ ಅದೊಂದೇ.

ಈ ವರ್ಷ ಹಠ ಹಿಡಿದು, ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿನ ಗೋಡೆ ಪಕ್ಕ ತಾನೇ ಸಾಲು ಹಾಕಿದಳು. ಕಣ್ಣಳತೆಯಲ್ಲೇ ಇರುತ್ತದೆ, ನವಿಲು ಬಾರವು ಎಂಬ ಲೆಕ್ಕ. ಮಿಕ್ಕ ಬೀಜವನ್ನು ಮಗ ಕಾಂತರಾಜು ರಾಗಿ ಹೊಲದಲ್ಲಿ ನಡುನಡುವೆ ಬಿಡುವ ಅಕ್ಕಡಿ ಸಾಲಿಗೆ ಬಿತ್ತಿದ.

ಮಾರ್ಗಶಿರಕ್ಕೆ ಕಾಯಿ ತುಂಬಿತು. ಗೋಡೆ ಪಕ್ಕದ್ದನ್ನು ಕಿತ್ತು ಮೂಸಿದರೆ ಬರೀ ಹಸಿ ಸೊಪ್ಪಿನ ವಾಸನೆ. ಕೆಂಪಾಜಮ್ಮನ ಮುಖ ಸಪ್ಪಗಾಯಿತು.

"ಬೀಜ್ವೇ ಕೆಟ್ಟೋಯ್ತೇನೋ ಕಣವ್ವ."

ಬ್ಯಾರನ್ನಿನ ಒಲೆ ಆರಿ ಎಷ್ಟೋ ದಿನವಾಗಿತ್ತು. ಆದರೂ ಹೊತ್ತು ಮುಳುಗಿದ ಮೇಲೆ ಅನುಶ್ರೀ ಅಜ್ಜಿಯ ಅಂಗೈಯನ್ನು ಗೋಡೆಯ ಹತ್ತಿರ ಹಿಡಿಸಿದಳು.

"ಮುಟ್ಬೇಡ ಅಜ್ಜಿ. ಬಿಸಿ ತಾಗ್ತದಾ? ಹಗಲೆಲ್ಲ ಕುಡಿದ ಬಿಸಿಲನ್ನ ಗೋಡೆ ಈಗ ಬಿಡ್ತಾ ಇದೆ. ಅದೂ ಬೆಳಕಿನ ಜಾತೀದೇ, ಕಣ್ಣಿಗೆ ಕಾಣಲ್ಲ ಅಷ್ಟೆ. ಗಿಡ ತಣ್ಣಗಾಗೋಕೇ ಬಿಡಲ್ಲ, ಇನ್ನು ಮಂಜು ಎಲ್ಲಿ ಕೂರ್ತದೆ? ಬಯಲಲ್ಲಾದ್ರೆ ಆ ಬಿಸಿ ಆಕಾಶಕ್ಕೆ ಹೋಗ್ತದೆ."

"ಅಂಗಾರೆ ಒಲದ ಸಾಲಲ್ಲಿ ಸೊಗಡೈತೆ ಬುಡು."

"ಬಿಸಿ ಪೂರಾ ಆಕಾಶಕ್ಕೆ ಹೋಗಲ್ಲ ಅಜ್ಜಿ. ಗಾಳೀಲಿ ಇಂಗಾಲದ ಡೈಆಕ್ಸೈಡ್ ಅಂತ ಇದೆ. ಬಿಸಿಲನ್ನ ಒಳಕ್ಕೆ ಬಿಡ್ತದೆ, ನೆಲ ಬಿಟ್ಟ ಬಿಸೀನ ಹಿಡ್ಕೊಂಡು ಒಂದಿಷ್ಟು ವಾಪಸ್ ಕೆಳಕ್ಕೇ ಕಳಿಸ್ತದೆ. ಅಂಥದ್ದೇನೂ ಇಲ್ದಿದ್ರೆ ನಾವು ಚಳಿಗೆ ಸಾಯ್ತಿದ್ವಿ. ಈಗ ಅದು ಅತಿಯಾಗಿದೆ. ರಾತ್ರಿ ಮೊದಲಿನಷ್ಟು ತಂಪಾಗಲ್ಲ."

"ಅತಿ ಆಗಿದ್ದು ಎಂಗೆ?"

"ಕಲ್ಲಿದ್ದಲು, ಡೀಸೆಲ್ಲು, ಕಾಡು, ಎಲ್ಲ ಸುಟ್ಟು."

ಕೆಂಪಾಜಮ್ಮ ತಲೆಯೆತ್ತಿ ಬ್ಯಾರನ್ನಿನ ಹೊಗೆಗೂಡು ನೋಡಿದಳು. ಅದರ ಒಲೆಗೆ ಎಷ್ಟು ಗಾಡಿ ಸೌದೆ ಒಟ್ಟಿದ್ದಳೋ ಅವಳಿಗೇ ಗೊತ್ತಿಲ್ಲ. "ನಾವೂ ಸುಟ್ಟಿದ್ದೀವಲ್ಲವ್ವ," ಎಂದಳು.

ಮರುದಿನ ಬೆಳಗಿಗೇ ಇಬ್ಬರೂ ಹೊಲಕ್ಕೆ ಹೋದರು. ರಾತ್ರಿಯಿಡೀ ಒಂದು ಚೂರು ಮೋಡವಿರಲಿಲ್ಲ, ಮಂಜು ಚೆನ್ನಾಗಿ ಬೀಳಬೇಕಿತ್ತು. ಸಾಲಿನ ತುದಿಯವರೆಗೆ ನಡೆದರೂ ಕೆಂಪಾಜಮ್ಮನ ಸೀರೆಯ ಅಂಚಷ್ಟೇ ಒದ್ದೆಯಾಯಿತು. ಒಂದು ಕಾಯಿ ಮುರಿದು ಮೂಸಿದಳು, ಇನ್ನೊಂದು ಮುರಿದು ಮೂಸಿದಳು. ಸೊಗಡು ಇಲ್ಲವೆಂದಲ್ಲ. ಮೂರು ಮನೆಯಾಚೆ ಯಾರೋ ಅವರೆಕಾಯಿ ಬೇಯಿಸುತ್ತಿದ್ದಾರೆ ಅನ್ನುವಷ್ಟಿತ್ತು. ಅವ್ವನ ಸೆರಗಿನಲ್ಲಿ, ತವರಿನ ಜಗಲಿಯಲ್ಲಿ, ಮದುವೆಗೆ ಮುಂಚಿನ ತನ್ನ ಕೈಗಳಲ್ಲಿ ಇದ್ದದ್ದು ಇದಲ್ಲ. ಅದನ್ನು ಇನ್ನೆಲ್ಲಿ ಹುಡುಕಲಿ ಎಂದು ಅವಳಿಗೆ ಅಳು ಬಂತು.

ಅಷ್ಟರಲ್ಲಿ ಅನುಶ್ರೀ ಒಂದು ಕಾಯನ್ನು ಅಂಗೈಯಲ್ಲಿ ಉಜ್ಜಿ, ಕಣ್ಣು ಮುಚ್ಚಿ ಉಸಿರೆಳೆದುಕೊಂಡಳು. ಹುಡುಗಿಯ ಮುಖ ಅರಳಿತು.

"ಅಜ್ಜಿ, ಎಷ್ಟು ಚೆನ್ನಾಗಿದೆ. ನೀನು ಹೇಳ್ತಿದ್ದ ಸೊಗಡು ಇದೇನಾ?"

ಇದು ಅದರ ಕಾಲುಪಾಲೂ ಅಲ್ಲ ಎನ್ನುವ ಮಾತು ಮುದುಕಿಯ ನಾಲಿಗೆಯ ತುದಿಗೆ ಬಂದಿತ್ತು.

"ಊಂ ಕಣವ್ವ," ಎಂದಳು ಕೆಂಪಾಜಮ್ಮ. "ಇದೇಯ."